ಐವತ್ಮೂರು ಮಣಿ, ಮೂರು ಗಂಟು

...ಕಾಲು ಎಳ್ಕೋಬೇಡ ಅಣ್ಣ. ಬ್ಯಾಂಡೇಜ್ ಬಿಚ್ತಿರೋದು ಪರಕೀಯರಲ್ಲ, ನಿನ್ ತಮ್ಮ ಚಿದಾನಂದ. ಇಪ್ಪತ್ತೆಂಟು ವರ್ಷ ಜಯನಗರದಲ್ಲಿ ಪಿಯು ಮಕ್ಳಿಗೆ ಬಯಾಲಜಿ ಹೇಳ್ಕೊಟ್ಟೋನು ನಿನ್ನೊಂದು ಹೆಬ್ಬೆರಳು ನೋಡ್ಕೊಳ್ಳಲ್ವಾ... ನಗ್ತೀಯಾ? ನಗು ನಗು.

ಗಾಯನಾ? ಹಂಗೇ ಇದೆ. ಸ್ವಲ್ಪ ಕಪ್ಪಗೆ... ಈ ರೂಮಿನ ಲೈಟಲ್ಲಿ ನಾನೂ ಕಪ್ಪೇ ಬಿಡು.

ಹೌದು, ಆರು ವಾರದಲ್ಲಿ ಹೊಸ ಚರ್ಮ ಬರದಿದ್ರೆ ಬೆರಳು ತೆಗೀಬೇಕು ಅಂದಿದ್ರು ಡಾಕ್ಟ್ರು. ನಾಳೆಗೆ ಆರು ವಾರ. ಆಸ್ಪತ್ರೆ ದಾರೀಲಿ ಸಾರಕ್ಕಿ ಸಿಗ್ನಲ್ ಜಾಮ್ ದಾಟೋಷ್ಟ್ರಲ್ಲಿ ಚರ್ಮ ಬಂದಿರತ್ತೆ, ಹೆದರ್ಕೋಬೇಡ. ಈ ಜೆಲ್ಲಲ್ಲಿ ಒಂದು ಪ್ರೋಟೀನಿದೆ, ಗ್ರೋತ್ ಫ್ಯಾಕ್ಟರ್ ಅಂತ. ಐವತ್ಮೂರು ಮಣಿ ಪೋಣಿಸಿದ ಸರ, ಮೂರು ಕಡೆ ಗಂಟು. ಆ ಗಂಟಿಂದ್ಲೇ ಮಡಚ್ಕೊಂಡು ಕೀಲಿಕೈ ಥರ ಆಗಿರೋದು. ಚರ್ಮದ ಕಣದ ಮೇಲೆ ಬೀಗ ಇರತ್ತೆ. ಇದು ಹೋಗಿ ಕೂತ್ಕೊಂಡು, ಏಳಪ್ಪಾ, ಒಂದಿದ್ದೋನು ಎರಡಾಗು ಅನ್ನತ್ತೆ. ಬಿಸಿ ತಾಗಿ ಆಕಾರ ಕೆಟ್ರೆ ಮುಗೀತು, ಬರೀ ಅಂಟು.

...ಹೂಂ, ಫ್ರಿಜ್ಜಲ್ಲಿಡಿ ಅಂತ ಬರ್ದಿರೋದು ಅದಕ್ಕೇ. ಇಟ್ಟಿದೀವಲ್ಲ, ಹಾಲಿನ ಪಕ್ಕ.

ಮಧ್ಯ ಒಂದಿನ... ನನ್ ಬಾಯಿ ನಿಂಗೊತ್ತಲ್ಲ. 'ಮನುಷ್ಯಂದೇ ಪ್ರೋಟೀನು ಕಣೆ' ಅಂದ್ಬಿಟ್ಟೆ ಜಯಶೀಲಂಗೆ, ತಮಾಷೆಗೆ. ಬ್ಯಾಕ್ಟೀರಿಯಾ ಕೈಲಿ ಮಾಡಿಸ್ತಾರೆ ಅಂತ ಆಮೇಲೆ ಎಷ್ಟು ಹೇಳಿದ್ರೂ ಕೇಳ್ತಾಳಾ ನನ್ ಹೆಂಡ್ತಿ? ಶ್ರಾವಣ ಸೋಮವಾರ, ಶಿವನ ಅಭಿಷೇಕದ ಹಾಲು, ಪಕ್ಕದಲ್ಲಿ ಮನುಷ್ಯ. ತೆಗ್ದು ಬಾತ್‌ರೂಮಲ್ಲಿ ಗೀಸರ್ ಮೇಲಿಟ್ಟಿದ್ಳು. ಒಂದೇ ದಿನ ಅಣ್ಣ. ಸಾಯಂಕಾಲ ನಾನೇ ವಾಪಸ್ ಫ್ರಿಜ್ಜಲ್ಲಿಟ್ಟೆ. ಹಂಗೆ ನೋಡ್ಬೇಡ.

ಹಚ್ತಿದೀನಿ, ತಣ್ಣಗಿದ್ಯಾ? ಓ... ನಿಂಗೆ ಗೊತ್ತಾಗಲ್ಲ ಅಲ್ವಾ. ಶುಗರ್ರು ಕಾಲಿನ ನರ ಎಲ್ಲ ತಿಂದಾಕಿದೆ. ಒಂದ್ ರೀತಿ ಒಳ್ಳೇದೇ ಆಯ್ತು.

ಏ, ಟ್ಯೂಬ್ ಯಾಕೆ ತಗೊಂಡೆ? ಕೊಡು ಇಲ್ಲಿ. ಡೇಟು ಇನ್ನೂ ಇದೆ, ನೋಡಿದೀನಿ... ಕೆನ್ನೆಗ್ಯಾಕೆ ಒತ್ಕೊಂಡೆ?

ಅಣ್ಣ.

ಬೈಯೋದಾದ್ರೆ ಬೈ. ಟ್ಯೂಬ್ ಮಾತ್ರ ಕೊಡು ಇಲ್ಲಿ...

ಜಯಶೀಲಾ ಈಗ್ತಾನೆ ಸ್ನಾನಕ್ಕೆ ಗೀಸರ್ ಹಾಕಿದ್ಳು ಅಣ್ಣ, ಅದಕ್ಕೆ ಟ್ಯೂಬ್ ಬಿಸಿ. ದಿನಾ ಇಷ್ಟು ಬಿಸಿ ಇರ್ತಿರ್ಲಿಲ್ಲ.