ಕ್ಯಾತಪ್ಪನ ಮುಷ್ಟಿಯ ಬೋಲ್ಟು

ಖಟಕ್.

ದೀಪ ಆರಿಸಿ ಮಲಗಲು ಹೊರಟಿದ್ದ ಪ್ರೇಮಲತಾ ಹಜಾರದಲ್ಲೇ ನಿಂತಳು. ಗಾಜಿನ ಬೀರುವಿನಲ್ಲಿ ಗಂಡ ಗೋವರ್ಧನ ಕೂಡಿಟ್ಟ ಯುದ್ಧಕಾಲದ ರೈಫಲ್‌ಗಳಿದ್ದವು. ನಳಿಗೆ ಮುಚ್ಚಿಸಿ ಪರವಾನಗಿ ಪಡೆದವು, ಯಾವುದರಿಂದಲೂ ಗುಂಡು ಹಾರುವುದಿಲ್ಲ. ಸಾಲಿನ ಕೊನೆಯದಕ್ಕೆ ಆ ದಿನವಷ್ಟೇ ಎಲ್ಲಿಂದಲೋ, ಗುಂಡೇರಿಸಲು ಎಳೆಯುವ ಹಳೆಯ ಬೋಲ್ಟು ತಂದು ಕೂರಿಸಿದ್ದ.

"ಯಾರದು?" ಕತ್ತಲಿನಿಂದ ದಪ್ಪ ದನಿ.

"ನಾನೇ, ಪ್ರೇಮಾ," ಎಂದು ಕೋಣೆಗೆ ಹೋದರೆ ಗೋವರ್ಧನ ಗೊರಕೆ ಹೊಡೆಯುತ್ತಿದ್ದ.

ಮರುದಿನ ಸಂಜೆ ಚಳ್ಳಕೆರೆಯಲ್ಲಿ ಜೋರು ಮಳೆ. ಕರೆಂಟಿಲ್ಲ. ಅಡುಗೆಯ ಮಂಜಮ್ಮ ಮೊಂಬತ್ತಿ ಹಚ್ಚಿಕೊಂಡು ಶೇಂಗಾ ಸುಲಿಯುತ್ತಿದ್ದಳು. ದೊಡ್ಡಉಳ್ಳಾರ್ತಿಯ ಲಕ್ಷ್ಮಕ್ಕ ಎಂಬ ಮುದುಕಿ ತೊಯ್ದು ತೊಪ್ಪೆಯಾಗಿ ಬಂದಳು. ಕುರ್ಚಿ ಕೊಟ್ಟರೂ ಒಲ್ಲೆನೆಂದು ಬೀರುವಿನ ಮುಂದೆ ನೆಲಕ್ಕೆ ಕೂತು, ಕೊನೆಯ ರೈಫಲ್ಲಿಗೆ ಬೆರಳು ತೋರಿಸಿದಳು.

"ಕೇಳ್ರವ್ವಾ ಇಬ್ರೂ... ಅದು ಬರ್ಮಾ ಯುದ್ಧ ಕಂಡ ಬಂದೂಕು. ಯುದ್ಧ ಮುಗಿದ್ಮೇಲೆ ಸರ್ಕಾರಿ ಹುಲ್ಲುಗಾವಲು ಕಾಯೋ ನಮ್ಮಪ್ಪ ಕ್ಯಾತಪ್ಪನ ಕೈಗೆ ಬಂತು. ಹುಲ್ಲು ಕಾಯಾಕೆ ಯುದ್ಧದ ಬಂದೂಕು ಯಾಕೆ, ಹೇಳ್ರಿ? ನಮ್ಮ ದನ ನಮ್ಮೂರ ಹುಲ್ಲು ಮೇಯಬಾರ್ದು ಅಂತ! ಮೇಲಿನೋನೊಬ್ಬ ಜೀಪಲ್ಲಿ ಬಂದು ಹುಕುಂ ಮಾಡ್ದ... ಕತ್ಲಾಗೆ ಯಾರಾನ ಕಂಡ್ರೆ ಬೋಲ್ಟು ಎಳಿ, ಯಾರದು ಅಂತ ಕೇಳು, ಜವಾಬು ಬರ್ಲಿಲ್ಲಾಂದ್ರೆ ಹೊಡಿ ಅಂತ. ಅಪ್ಪ ಕೇಳ್ದ. ಜವಾಬು ಬರ್ಲಿಲ್ಲ. ಹೊಡ್ದ. ಲಾಟೀನು ಹಿಡ್ಕಂಡು ಹೋಗಿ ನೋಡಿದ್ರೆ... ಅವನ ಒಡಹುಟ್ಟಿದ ತಮ್ಮ, ಚಿಕ್ಕಬಸಪ್ಪ. ತಪ್ಪಿಸ್ಕಂಡ ದೇವರ ಎತ್ತು ಹುಡುಕ್ಕಂಡು ಬಂದಿದ್ದ. ಹುಟ್ಟು ಮೂಗ ಕಣ್ರವ್ವಾ! ಮೂಗ ಎಲ್ಲಿಂದ ಜವಾಬು ಕೊಟ್ಟಾನು?"

ಮಂಜಮ್ಮನ ಕೈ ನಿಂತಿತು.

"ಅವತ್ತೇ ಅಪ್ಪ ಬೋಲ್ಟು ಕಿತ್ತ. ಅದಿಲ್ದಿದ್ರೆ ಬಂದೂಕು ಬರೀ ದೊಣ್ಣೆ. ನಮ್ಮ ಮನೆತನದಾಗೆ ಸತ್ತೋರ ಕೈಗೆ ಅವರ ಕಸುಬಿನ ಸಾಮಾನು ಕೊಟ್ಟು ಹೂಳ್ತೀವಿ. ಅಪ್ಪ ಬೋಲ್ಟು ಕೇಳ್ದ... ಇದು ಇನ್ಯಾರ ಕೈಗೂ ಸಿಗಬಾರ್ದು ಅಂದ. ಮುಷ್ಟಿಗಿಟ್ಟು ಹೂತ್ವಿ. ದೊಣ್ಣೆನ ನಿನ್ನ ಗಂಡ ಕೊಂಡ, ಕೊಳ್ಳಲಿ. ಆದ್ರೆ ಬೋಲ್ಟಿನ ನಂಬರೂ ಬಂದೂಕಿನ ನಂಬರೂ ಒಂದೇ ಇರ್ಬೇಕಂತೆ, ಅಂಗಿದ್ರೇನೇ ಗತ್ತಂತೆ! ನನ್ನ ಸೊಸೆ ಬಾಯಿಂದ ಸಂಗ್ತಿ ತಿಳ್ಕಂಡು, ನಾವು ಗೌರಸಮುದ್ರದ ಜಾತ್ರೆಗೆ ಹೋದ ದಿನ ಅಪ್ಪನ ಗುಣಿ ಅಗಿಸ್ಯಾನೆ. ಬೆರಳು ಮುರಿದು ತಗಂಡಾನೆ... ಬೆರಳು!"

ಮುದುಕಿ ಒದ್ದೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು:

"ಅಪ್ಪ ಹುಕುಂ ಮರೆಯೋ ಮನುಷ್ಯ ಅಲ್ಲ. ಬೋಲ್ಟು ತಿರ್ಗಾ ಬಂದೂಕು ಸೇರೈತೆ. ಎಳೀತಾನೆ. ಒಬ್ಬೊಬ್ರನ್ನೇ ಕೇಳ್ತಾನೆ. ಜವಾಬು ಕೊಟ್ಟೋರು ಬದುಕ್ತಾರೆ."

ಪ್ರೇಮಲತಾಳಿಗೆ ಹಿಂದಿನ ರಾತ್ರಿಯ ದಪ್ಪ ದನಿ ನೆನಪಾಯಿತು.

ಅಷ್ಟರಲ್ಲಿ ಗೋವರ್ಧನ ಕೊಡೆ ಕೊಡವುತ್ತ ಬಂದ. "ಏನಜ್ಜಿ, ಅಪ್ಪನ್ನ ಮಾತಾಡಿಸಿಕೊಂಡು ಹೋಗೋಕೆ ಬಂದ್ಯಾ?"

"ಅವರದು ಅವರಿಗೆ ಕೊಟ್ಟುಬಿಡಿ," ಎಂದಳು ಪ್ರೇಮಲತಾ. "ನಿಮ್ಮ ಕೈ ಮುಗೀತೀನಿ."

"ಸುಮ್ನಿರೇ. ಮಣ್ಣಲ್ಲಿ ತುಕ್ಕು ಹಿಡೀತಿತ್ತು, ನಾನು ಉಳಿಸಿದೀನಿ. ಮೂಳೆಗೆ ಬೋಲ್ಟು ಯಾಕೆ?" ಅವನು ನಕ್ಕ. ಆ ನಗು ಕೇಳಿ ಪ್ರೇಮಲತಾಳ ಕೈಗಳು ತಾವಾಗಿ ಮುಷ್ಟಿ ಕಟ್ಟಿದವು.

ಲಕ್ಷ್ಮಕ್ಕ ಎದ್ದಳು. "ರಾತ್ರಿ ನಿದ್ದೆ ಚೆನ್ನಾಗಿ ಬರ್ತೈತಾ ಸಾವ್ಕಾರ್ರೇ?"

"ಗುಂಡು ಹೊಡೆದ್ರೂ ಎಚ್ಚರ ಆಗಲ್ಲ."

"ಅಂಗಾದ್ರೆ ಸರಿ." ಮುದುಕಿ ಹೊರಟಳು. ಹೊಸ್ತಿಲಲ್ಲಿ ಪ್ರೇಮಲತಾಳ ಕೈ ಹಿಡಿದು, "ನೀನು ನಿನ್ನೆ ಜವಾಬು ಕೊಟ್ಟಿದೀಯ ಅಲ್ವೇನವ್ವಾ?" ಅಂದಳು.

ಯಾರೂ ಅದನ್ನು ಅವಳಿಗೆ ಹೇಳಿರಲಿಲ್ಲ.

ಆ ರಾತ್ರಿ ಮತ್ತೆ, ಖಟಕ್. ಈ ಸಲ ಹಜಾರದಲ್ಲಲ್ಲ, ಮಂಚದ ಬದಿಗೆ. "ಯಾರದು?"

"ಪ್ರೇಮಲತಾ."

ಒದ್ದೆ ಮಣ್ಣಿನ ವಾಸನೆ ಮಂಚ ಸುತ್ತಿ ಗೋವರ್ಧನನ ಕಡೆಗೆ ಹೋಗಿ ನಿಂತಿತು. ಖಟಕ್.

"ಯಾರದು?"

ಗೊರಕೆ. ಗಂಡನ ಭುಜ ಅಲುಗಿಸಲು ಕೈ ಚಾಚಿದಳು. ಮುರಿದ ಬೆರಳುಗಳು ನೆನಪಾದವು. ಆ ನಗು ನೆನಪಾಯಿತು. ಕೈ ಹಿಂದಕ್ಕೆಳೆದುಕೊಂಡು ಗೋಡೆಯ ಕಡೆ ಹೊರಳಿದಳು. ಬೆಳಗ್ಗೆ ಯಾರು ಬಂದು ಕೇಳಿದರೂ ಸರಿಯೇ, ಮಳೆಯ ಸದ್ದಿನಲ್ಲಿ ತನಗೇನೂ ಕೇಳಿಸಲಿಲ್ಲ ಎಂದರಾಯಿತು.