ಕಾವಲಿನ ಕುರ್ಚಿ

ನಂಬೋದು ಬಿಡೋದು ನಿಮಗೆ ಸೇರಿದ್ದು. ಆದರೆ ಮಧ್ಯೆ ನಗಬೇಡಿ... ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಅಣ್ಣ ಅಂತೀನಿ.

ಆವತ್ತು ರಾತ್ರಿ ಎರಡು ಗಂಟೆ ದಾಟಿತ್ತು. ಕೆಲಸ ಅರ್ಧಕ್ಕೇ ಬಿಟ್ಟು ಒಬ್ಬನೇ ನಡ್ಕೊಂಡು ಬರ್ತಿದ್ದ. ದಾರಿಯಲ್ಲಿ ಒಂದು ಹಾಳುಬಾವಿ ಇದೆ. ಅದರ ಹತ್ತಿರ ಬಂದಾಗ ಬೆಲ್ ಕೇಳಿಸ್ತು. ಟ್ರ್ರ್... ಟ್ರ್ರ್... ಅವನ ಆಫೀಸಿನ ಬೆಲ್ಲು. ಆಫೀಸು ಅಲ್ಲಿಂದ ಒಂದು ಮೈಲಿ. ಮೊದಲು ಸಿಗೋದು ನಮ್ಮ ಮನೆ, ಓಡಿ ಬಂದು ಬಾಗಿಲು ಬಡಿದ.

ಅವನ ಕೆಲಸ ಏನು ಅಂತ ಹೇಳಿಬಿಡ್ತೀನಿ. ಊರಾಚೆ ಒಂದು ಕಟ್ಟಡ. ಅಲ್ಲಿಂದ ರಾತ್ರಿ ಹೊತ್ತು ನೆಟ್ಟಗೆ ಆಕಾಶಕ್ಕೆ ಹಸಿರು ಲೇಸರ್ ಬಿಡ್ತಾರೆ. ಧೂಳು, ಹೊಗೆ, ಮೋಡ, ಯಾವುದಕ್ಕೆ ತಗುಲಿದರೂ ಒಂದಿಷ್ಟು ಬೆಳಕು ವಾಪಸ್ ಬರುತ್ತೆ. ಅದು ಬರೋಕೆ ಹಿಡಿದ ಹೊತ್ತು ನೋಡಿ, ಮೇಲಿರೋದು ಎಷ್ಟು ಎತ್ತರದಲ್ಲಿದೆ ಅಂತ ಪರದೆ ಮೇಲೆ ಗೆರೆ ಮೂಡುತ್ತೆ. ಲೈಡಾರ್ ಅಂತಾರೆ. ರಾತ್ರಿಯಿಡೀ ಟಿಕಟಿಕಟಿಕ ಅಂತಿರುತ್ತೆ. ಆ ಬೆಳಕು ವಿಮಾನ ಓಡಿಸೋರ ಕಣ್ಣಿಗೆ ಬಿದ್ದರೆ ಕಣ್ಣು ಕತ್ತಲೆ ಬರುತ್ತೆ. ಅದಕ್ಕೇ ಅಲ್ಲೊಂದು ನಿಯಮ. ಒಬ್ಬ ಕೆಳಗೆ ಪರದೆ ಮುಂದೆ ಇರಬೇಕು, ಇನ್ನೊಬ್ಬ ತಾರಸಿ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆಕಾಶ ನೋಡ್ತಿರಬೇಕು. ವಿಮಾನ ಕಂಡರೆ ಗುಂಡಿ ಒತ್ತಬೇಕು. ಕೆಳಗೆ ಬೆಲ್ ಆಗುತ್ತೆ, ಲೇಸರ್ ನಿಲ್ಲುತ್ತೆ.

ಆ ಕಾವಲಿಗೆ ಇದ್ದದ್ದು ವಯಸ್ಸಾದವರೊಬ್ಬರು. ರಾತ್ರಿಯೆಲ್ಲ ಎದ್ದಿರ್ತಾರೆ ಅಂತ ಎಲ್ಲರೂ ಅವರನ್ನ ಗೂಬೆ ಅಂತಿದ್ದರು, ಅವರೂ ನಗ್ತಿದ್ದರು. ಅಣ್ಣ ನಮ್ಮ ಬಾಗಿಲು ಬಡಿಯೋದಕ್ಕೆ ಒಂದು ತಿಂಗಳ ಮುಂಚೆ ಗೂಬೆಗೆ ಜ್ವರ ಬಂತು. ಅಣ್ಣನೇ ಅವರನ್ನ ಮನೆಗೆ ಕಳಿಸಿದ, ಇಷ್ಟು ಹೊತ್ತಲ್ಲಿ ಯಾರು ಹಾರಾಡ್ತಾರೆ ಅಂತ. ರಿಜಿಸ್ಟರಿನಲ್ಲಿ ಮಾತ್ರ 'ಕಾವಲು ಇದೆ' ಅಂತ ಬರೆದ.

ಆ ರಾತ್ರಿಯೇ ಒಂದು ಸಣ್ಣ ವಿಮಾನ ಬಂತು. ಟಪಾಲು ಒಯ್ಯೋದು, ಒಬ್ಬನೇ ಪೈಲಟ್. ಗುಡ್ಡದ ಹಿಂದೆ ಬಿತ್ತು. ಅಣ್ಣನಿಗೆ ಕೇಳಿಸಿದ್ದು ಒಂದೇ ಸದ್ದು... ಧಪ್... ದೂರದಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ.

ವಿಚಾರಣೆ ಮಾಡೋರು ಬಂದು ರಿಜಿಸ್ಟರ್ ನೋಡಿದರು. ಕಾವಲು ಇತ್ತು ಅಂತಿದೆ. ಪೈಲಟ್ ನಿದ್ದೆ ಹೋಗಿದ್ದ ಅಂತ ಬರೆದು ಫೈಲ್ ಮುಚ್ಚಿದರು. ಅವನ ತಾಯಿ ಆಫೀಸಿನ ಗೇಟಿಗೆ ಬಂದು, ನನ್ನ ಮಗ ಕೆಲಸದಲ್ಲಿ ನಿದ್ದೆ ಮಾಡೋನಲ್ಲ, ಅಂತ ಒಂದೇ ಮಾತು ಹೇಳಿ ಹೋದರು. ಅಣ್ಣ ಕಿಟಕಿ ಹಿಂದೆ ನಿಂತು ಕೇಳಿಸ್ಕೊಂಡ. ತುಟಿ ಬಿಚ್ಚಲಿಲ್ಲ. ಅದಕ್ಕೆ ನನಗೆ ಈಗಲೂ ಅವನ ಮೇಲೆ ಸಿಟ್ಟಿದೆ.

ಗೂಬೆ ಆ ವಾರವೇ ಕೆಲಸ ಬಿಟ್ಟರು. ಹೊಸಬರು ಬರಲಿಲ್ಲ. ಅಣ್ಣ ದಿನಾ ಒಬ್ಬನೇ, ರಿಜಿಸ್ಟರಿನಲ್ಲಿ ದಿನಾ ಅದೇ ಸುಳ್ಳು.

ಆಮೇಲೆ ಗೆರೆ ಬಂತು. ಸಾವಿರದ ಇನ್ನೂರು ಮೀಟರಿನಲ್ಲಿ. ಆ ವಿಮಾನ ಹಾರ್ತಿದ್ದ ಎತ್ತರವೂ ಅಷ್ಟೇ. ಮೋಡವಾದರೆ ದಪ್ಪ ಇರುತ್ತೆ, ಅಲುಗಾಡುತ್ತೆ. ಇದು ಕೂದಲೆಳೆಯಷ್ಟು... ಅಲುಗಾಡಲ್ಲ. ಮಾರನೇ ರಾತ್ರಿ ಒಂಬೈನೂರು. ಮತ್ತೆ ಆರುನೂರು. ಮುನ್ನೂರು... ಅದಕ್ಕಿಂತ ಕೆಳಗಿರೋದು ಆ ಯಂತ್ರಕ್ಕೆ ಕಾಣಲ್ಲ, ತೀರಾ ಹತ್ತಿರದ್ದಕ್ಕೆ ಅದು ಕುರುಡು. ಐದನೇ ರಾತ್ರಿ ಪರದೆ ಖಾಲಿ.

ಹೋಯ್ತು ಅಂತ ಅಣ್ಣ ಉಸಿರು ಬಿಟ್ಟ. ಆಗಲೇ ಬೆಲ್ ಹೊಡ್ಕೊಂಡಿದ್ದು. ಟ್ರ್ರ್... ಟಿಕಟಿಕ ನಿಂತಿತು. ತಾರಸಿ ಬಾಗಿಲಿಗೆ ಬೀಗ, ಕೀ ಅವನ ಜೇಬಲ್ಲೇ ಇದೆ. ಎರಡು ನಿಮಿಷಕ್ಕೆ ತಲೆ ಮೇಲೆ ವಿಮಾನ ಹೋಯ್ತು. ದೊಡ್ಡದು, ಜನ ತುಂಬಿದ್ದು. ಅಲ್ಲಿಂದ ಎದ್ದವನು ಬಾವಿ ದಾಟಿ ನಮ್ಮ ಬಾಗಿಲಿಗೇ ಬಂದಿದ್ದ.

ಇಷ್ಟನ್ನೂ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದ.

"ಮೇಲೆ ಕೂತಿದಾನೆ ಕಣೋ," ಅಂತ ಪಿಸುಗುಟ್ಟಿದ. "ನಾನು ಯಾರನ್ನೂ ಕೂರಿಸಲಿಲ್ಲವಲ್ಲ... ಅವನೇ ಬಂದು ಕೂತಿದಾನೆ."

"ಆ ಪೈಲಟ್ ತಾಯಿಗೆ ಹೋಗಿ ಹೇಳು," ಅಂದೆ.

"ಕೆಲಸ ಹೋಗುತ್ತೆ. ಜೈಲೂ ಆಗಬಹುದು."

"ಆಗಲಿ."

ಬೆಳಕು ಹರಿಯೋ ಹೊತ್ತಿಗೆ ಇಬ್ಬರೂ ಆಫೀಸಿಗೆ ಹೋದ್ವಿ. ರಿಜಿಸ್ಟರ್ ತೆಗೆದು ಒಂದೊಂದೇ ರಾತ್ರಿಯ ಸಾಲು ಹೊಡೆದುಹಾಕಿದ. 'ಕಾವಲು ಇರಲಿಲ್ಲ' ಅಂತ ಬರೆದು ಸಹಿ ಮಾಡಿದ. ಅದನ್ನ ಕಂಕುಳಲ್ಲಿಟ್ಟುಕೊಂಡು ಆ ತಾಯಿ ಮನೆ ಕಡೆ ಹೊರಟ. ಆಮೇಲೆ ಅವನ ಕೆಲಸ ಹೋಯ್ತು, ಕೇಸೂ ಆಯ್ತು. ಪೈಲಟ್ ನಿದ್ದೆ ಹೋಗಿದ್ದ ಅನ್ನೋ ಮಾತನ್ನ ಮಾತ್ರ ಫೈಲಿಂದ ತೆಗೆದರು.

ಆವತ್ತು ಬೆಳಿಗ್ಗೆ ಹೊರಡೋ ಮುಂಚೆ ತಾರಸಿ ಕೀ ನನ್ನ ಕೈಗೆ ಕೊಟ್ಟಿದ್ದ. ನೀನು ನೋಡ್ಕೊಂಡು ಬಾ, ನನ್ನ ಕೈಲಾಗಲ್ಲ ಅಂದ.

ನಾನೇ ಹತ್ತಿದೆ. ಬೀಗ ಹಾಕಿದ ಹಾಗೇ ಇತ್ತು. ಬಾಗಿಲು ಕಿರ್ರ್ ಅಂತು. ತಾರಸಿ ಪೂರ್ತಿ ಇಬ್ಬನಿ, ಒಂದು ಹೆಜ್ಜೆ ಗುರುತಿಲ್ಲ. ಕುರ್ಚಿ ಮಾತ್ರ ಒಣಗಿತ್ತು. ಅದರ ಎರಡು ಕೈಗಳ ನಡುವೆ ಒಂದು ಸೀಟ್ ಬೆಲ್ಟ್... ಅಂಚು ಸುಟ್ಟಿದ್ದು. ಬಿಗಿಯಾಗಿ ಬಕ್ಕಲ್ ಹಾಕಿತ್ತು.

ಸುಳ್ಳು ಹೇಳಿ ನನಗೇನಾಗಬೇಕು... ಬಿಚ್ಚಿದ್ದು ಇದೇ ಕೈ. ಆ ಚಳಿಯಲ್ಲೂ ಬಕ್ಕಲ್ ಬೆಚ್ಚಗಿತ್ತು.