ಅಳಿಸಿದ ‘ಅ’

“ಹಲೋ… ಯಾರ್ರೀ ಮಾತಾಡೋದು?”

ಯಾರೆಂದು ಯಶೋದಾಗೆ ಚೆನ್ನಾಗಿಯೇ ಗೊತ್ತಿತ್ತು. ಬಂಗಾಳ ಕೊಲ್ಲಿಯ ಸುಳಿಗಳ ಮೇಲೆ ಅವಳು ಮಾಡಿದ ಸಂಶೋಧನೆಯನ್ನು ತನ್ನದೆಂದು ಹೇಳಿಕೊಂಡು, ಚಿತ್ರದುರ್ಗದಲ್ಲಿ ಇವತ್ತು ಭಾಷಣಕ್ಕೆ ನಿಂತಿದ್ದ ಮಾರ್ಗದರ್ಶಕ ರವೀಂದ್ರ. ಅವಳು ಸಭಾಭವನದ ಹೊರಗೆ, ಸ್ಪೀಕರಿನ ಕೆಳಗಿನ ಕಟ್ಟೆಯ ಮೇಲೆ ಕುಳಿತಿದ್ದಳು.

“ಹಾಂ, ಸಾರ್! ಭಾಷಣ ಮುಗೀತಾ?… ಓ, ಟೀಗೆ ಬಿಟ್ಟಿದೀರಾ. ಒಳಗಿನ ಕೋಣೆ ಬಾಗಿಲು ಹಾಕ್ಕೊಂಡೂ ಯಾಕೆ ಪಿಸಿಪಿಸಿ ಅಂತೀರಿ?”

…

“ಯಾರೋ ಪ್ರಶ್ನೆ ಕೇಳಿದ್ರಾ?… ಪ್ರದಕ್ಷಿಣೆ ತಿರುಗೋ ಸುಳಿಯಾಗೆ ಹಸಿರು ಹೆಚ್ಚು ಅಂದ್ರಿ, ಚಿತ್ರದಾಗೆ ಕಮ್ಮಿ ಐತೆ, ಅಲ್ವಾ? ನಾನು ಬರೆದಿದ್ದು ಅಪ್ರದಕ್ಷಿಣೆ ಅಂತ. ಅದು ತಳದ ಗೊಬ್ಬರ ಮೇಲಕ್ಕೆ ತರ್ತೈತೆ. ಕಣ್ಣಿಗೆ ಕಾಣದ ಸಸ್ಯಗಳು ಹುಲುಸಾಗಿ ಬೆಳೀತವೆ, ನೀರು ಹಸಿರಾಗ್ತೈತೆ. ಆ ‘ಅ’ ಎಲ್ಲಿ ಹೋಯ್ತು?”

…

“ಅಪಶಕುನಾನಾ?… ಮಠದ ಹಿರಿಯರು ಮುಂದೆ ಕುಂತಿರ್ತಾರೆ ಅಂತ ಅಳಿಸಿಬಿಟ್ರಾ? ಸಮುದ್ರಕ್ಕೆ ಶಕುನ ಐತಾ ಸಾರ್?”

ನಗು ಬಂತು. ನಗುವಿನ ಹಿಂದೆಯೇ ಹಳೆಯ ಸಿಟ್ಟೂ ಬಂತು.

“ನನ್ನ ಹೆಸರೂ ಅಪಶಕುನ ಅಂತಾನೇ ತೆಗೆದ್ರಾ?… ಕುರಿ ಕಾಯೋರ ಮಗಳಿಗೆ ಸಮುದ್ರ ಯಾಕೆ ಅಂತ ಎಲ್ಲರ ಎದುರು ನಕ್ಕಿದ್ರಲ್ಲ, ನೆನಪೈತಾ?”

ರವೀಂದ್ರ ರೇಗಿ ದನಿ ಏರಿಸಿದ. ಫೋನಿನಲ್ಲಿ ಕೇಳಿದ ಮಾತೇ ತಲೆಯ ಮೇಲಿನ ಸ್ಪೀಕರಿನಿಂದಲೂ ಬಂತು. ಪುಣ್ಯಾತ್ಮ ಅಂಗಿಗೆ ಸಿಕ್ಕಿಸಿದ ಮೈಕನ್ನು ಆರಿಸಿರಲಿಲ್ಲ. ಯಶೋದಾ ಮೆಲ್ಲಗೆ ಎದ್ದು ನಿಂತಳು.

“ಸಿಟ್ಟಾಗ್ಬೇಡ್ರಿ. ಪ್ರದಕ್ಷಿಣೆ ಸುಳಿ ಯಾಕೆ ಹಸಿರಾಗಲ್ಲ, ಅದೇ ತಾನೆ ಬೇಕಾಗಿರೋದು? ಹೇಳ್ತೀನಿ. ಮೊದ್ಲು ನೀವು ಹೇಳ್ರಿ, ಇದು ಯಾರ ಕೆಲಸ?”

…

“ಹಾಂ? ಕೇಳಿಸ್ತಿಲ್ಲ ಸಾರ್, ಇಲ್ಲಿ ಗಾಳಿ ಭಾಳ ಐತೆ. ಹೆಸರು ಹಿಡಿದು ಜೋರಾಗಿ ಹೇಳ್ರಿ… ಯಶೋದಾಂದಾ? ಪೂರ್ತಿ ಯಶೋದಾಂದೇನಾ?… ಮತ್ತೆ ನೀವೇನು ಮಾಡಿದ್ರಿ?… ಏನು, ಕದ್ರಾ? ಇನ್ನೊಂದ್ಸಲ ಹೇಳ್ರಿ…”

ಒಳಗೆ ಟೀ ಲೋಟಗಳ ಸದ್ದು ನಿಂತಿತು. ಯಾರೋ ಕೆಮ್ಮಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಎದೆ ತಣ್ಣಗಾಯಿತು.

“ಈಗ ಉತ್ತರ ಕೇಳ್ರಿ ಸಾರ್. ಪ್ರದಕ್ಷಿಣೆ ಸುಳಿ ಮೇಲಿರೋದನ್ನ ಕೆಳಕ್ಕೆ ತಳ್ತೈತೆ. ಅದಕ್ಕೇ ಅಲ್ಲಿ ಏನೂ ಬೆಳೆಯಲ್ಲ… ಹಾಂ, ಅಷ್ಟೇ. ಇನ್ನೊಂದ್ ಮಾತು, ನಿಮ್ಮ ಅಂಗಿ ಮೈಕು ಆನ್ ಐತೆ… ಹೂಂ, ಎಲ್ಲರಿಗೂ ಕೇಳ್ತು. ಮಠದೋರಿಗೂ… ಹಲೋ? ಸಾರ್?… ಹಲೋ…”